ಹೊಸ್ತಿಲಲ್ಲಿ ನಿಂತ ಸಕ್ಕರೆ ರೋಗ

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗಿನ ಯಾವ ಬಾಗಿಲಲ್ಲಿ ನಿಂತು ನೋಡಿದರೂ ಎರಡು ಬಗೆಯ ಜನ ಕಾಣಸಿಗುತ್ತಾರೆ. ನಡೆಯುವುದೇ ಒಂದು ಸುಖವೆಂದು ನಡೆಯುವವರು ಒಂದು ಬಗೆ. ನಡೆಯದಿದ್ದರೆ ಗತಿಯಿಲ್ಲವೆಂದು ವೈದ್ಯರಿಂದ ಹೇಳಿಸಿಕೊಂಡು ಬಂದವರು ಇನ್ನೊಂದು ಬಗೆ. ಮೊದಲಿನವರ ದೃಷ್ಟಿ ಮರಗಳ ಕಡೆಗಿರುತ್ತದೆ. ಎರಡನೆಯವರದು ಕೈಗಡಿಯಾರದ ಕಡೆಗೆ. ಒಂದೂವರೆ ವರ್ಷದ ಹಿಂದೆ ನಾನು ಆ ಉದ್ಯಾನವನ್ನು ಹೊಕ್ಕದ್ದು ಎರಡನೆಯ ಗುಂಪಿನವನಾಗಿ.

ನಡೆದದ್ದು ಇಷ್ಟು. ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ರಕ್ತಪರೀಕ್ಷೆ ಮಾಡಿಸಿದೆ. ಬರಿಯ ಹೊಟ್ಟೆಯಲ್ಲಿ ಸಕ್ಕರೆ 116 ಎಂದು ಚೀಟಿಯಲ್ಲಿ ಬರೆದಿತ್ತು. ವೈದ್ಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ರಾಯರೇ, ನಿಮಗೆ ಸಕ್ಕರೆ ರೋಗ ಬಂದಿಲ್ಲ. ಆದರೆ ಹೊಸ್ತಿಲವರೆಗೆ ಬಂದು ನಿಂತಿದೆ. ಒಳಕ್ಕೆ ಕರೆಯುವುದೂ ಬಿಡುವುದೂ ಬಹಳ ಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ” ಎಂದರು. ಆ ಮೂರು ವಾಕ್ಯಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಆ ಸಂತೋಷಕ್ಕೆ ಮನೆಗೆ ಬರುವ ದಾರಿಯಲ್ಲಿ ಕಾಲು ಕಿಲೋ ಮೈಸೂರುಪಾಕು ಕಟ್ಟಿಸಿಕೊಂಡೆ.

ಮನೆಯಲ್ಲಿ ಅಂದು ನಮ್ಮ ಅಣ್ಣಯ್ಯ ಬಂದು ಕುಳಿತಿದ್ದರು. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಚೆನ್ನಾಗಿ ಕಾಣುವ ಎಡಗಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. “ನನಗೂ ಹೀಗೇ ಹೇಳಿದ್ದರು ಕಣೋ. ಬಂದಿಲ್ಲ ಅಂದರಲ್ಲ ಅಂತ ನಾನೂ ಸುಮ್ಮನಾದೆ” ಎಂದರು. ಅವರಿಗೆ ಹಾಗೆ ಹೇಳಿದ್ದು 2009ರಲ್ಲಿ. ಅಲ್ಲಿಂದ ನಾಲ್ಕು ವರ್ಷ ಅವರು ರಕ್ತಪರೀಕ್ಷೆಯ ಹೆಸರೆತ್ತಲಿಲ್ಲ. ಕಾಲಿನ ಒಂದು ಸಣ್ಣ ಗಾಯ ತಿಂಗಳಾದರೂ ಮಾಯದೆ ಹೋದಾಗ ಆಸ್ಪತ್ರೆಗೆ ಹೋದರು. ಆ ಹೊತ್ತಿಗೆ ಹೊಸ್ತಿಲಲ್ಲಿ ನಿಂತಿದ್ದು ಒಳಕ್ಕೆ ಬಂದು, ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿತ್ತು. ಈಗ ಅವರ ಎಡಗಾಲಿನಲ್ಲಿ ಎರಡು ಬೆರಳುಗಳಿಲ್ಲ; ಬಲಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿದೆ. ರಸ್ತೆ ದಾಟುವಾಗ ಅತ್ತಿಗೆ ಅವರ ಕೈ ಹಿಡಿದಿರುತ್ತಾರೆ. ಮೈಸೂರುಪಾಕಿನ ಪೊಟ್ಟಣವನ್ನು ಆ ದಿನ ಯಾರೂ ಬಿಚ್ಚಲಿಲ್ಲ.

ಈ ಹೊಸ್ತಿಲೆಂಬುದು ಎಲ್ಲಿದೆ ಎಂಬುದನ್ನು ವಾಚಕರು ಮೊದಲು ತಿಳಿದಿರುವುದು ಒಳ್ಳೆಯದು. ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ, 100 ಮಿಲಿಲೀಟರು ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ಆರೋಗ್ಯ. 126 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮಧುಮೇಹ. ಇವೆರಡರ ನಡುವಿನದೇ ಮಧುಮೇಹಪೂರ್ವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ಈ ಎಣಿಕೆಯನ್ನು 100ರ ಬದಲು 110ರಿಂದ ಆರಂಭಿಸುತ್ತದೆ; ಯಾವ ಲೆಕ್ಕ ಹಿಡಿದರೂ ನನ್ನ 116 ಅದರೊಳಗೇ ಬೀಳುತ್ತದೆ. ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದರಲ್ಲಿ ಶೇಕಡ 5.7ರಿಂದ 6.4ರವರೆಗೆ ಇದ್ದವರು ಹೊಸ್ತಿಲಿನವರು. ನನ್ನದು 6.1 ಇತ್ತು. ಈ ಸ್ಥಿತಿಯಲ್ಲಿ ಬಾಯಾರಿಕೆಯಿಲ್ಲ, ಆಯಾಸವಿಲ್ಲ, ನೋವಂತೂ ಇಲ್ಲವೇ ಇಲ್ಲ. ಆದಕಾರಣವೇ ಇದನ್ನು ಹೊತ್ತು ತಿರುಗುವವರಲ್ಲಿ ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10.1 ಕೋಟಿ; ಹೊಸ್ತಿಲಲ್ಲಿ ನಿಂತವರು 13.6 ಕೋಟಿ!

ತುಂಬಿದ ಕಣಜ

ಇನ್ನು ನಡಿಗೆಗೂ ಸಕ್ಕರೆಗೂ ಏನು ಸಂಬಂಧ? ನಾವು ಉಂಡ ಅನ್ನ, ರಾಗಿ, ಚಪಾತಿ ಎಲ್ಲವೂ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಅದನ್ನು ಅಲ್ಲಿಂದ ಎತ್ತಿ ತುಂಬಿಟ್ಟುಕೊಳ್ಳುವ ದೊಡ್ಡ ಕಣಜಗಳೆಂದರೆ ನಮ್ಮ ಮಾಂಸಖಂಡಗಳು. ಅದರಲ್ಲಿಯೂ ತೊಡೆ ಮತ್ತು ಮೀನಖಂಡಗಳ ಮಾಂಸ ಬಹಳ ದೊಡ್ಡ ಪಾಲನ್ನು ಹಿಡಿಯಬಲ್ಲದು. ಕಣಜದ ಬಾಗಿಲು ತೆರೆಯಿರೆಂದು ಕೂಗಿ ಹೇಳುವ ಆಳು ಇನ್ಸುಲಿನ್. ಅವನನ್ನು ಕಳುಹಿಸುವುದು ಮೇದೋಜೀರಕ ಗ್ರಂಥಿ. ದಿನವೆಲ್ಲ ಕುರ್ಚಿಯಲ್ಲಿ ಕುಳಿತವನ ಕಣಜ ಖರ್ಚಾಗದೆ ತುಂಬಿಯೇ ಇರುತ್ತದೆ. ಬಾಗಿಲಿನ ಅಗುಳಿಯೂ ತುಕ್ಕು ಹಿಡಿಯುತ್ತದೆ. ಒಬ್ಬ ಆಳು ಕೂಗಿದರೆ ಕೇಳಿಸದು. ಗ್ರಂಥಿ ಇಬ್ಬರನ್ನು ಕಳುಹಿಸುತ್ತದೆ, ಮೂವರನ್ನು ಕಳುಹಿಸುತ್ತದೆ. ಹೀಗೆ ವರ್ಷಗಟ್ಟಲೆ ದುಡಿದು ಅದು ದಣಿಯತೊಡಗಿದಾಗ ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ. ಅತ್ತ ಯಕೃತ್ತು ಕೂಡ ಇನ್ಸುಲಿನ್ನಿನ ಮಾತು ಕೇಳದೆ, ಬೇಡದ ಹೊತ್ತಿನಲ್ಲಿ, ರಾತ್ರಿಯಲ್ಲೂ, ತನ್ನಲ್ಲಿನ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಏನೂ ತಿನ್ನದೆ ಮಲಗಿದವನಿಗೆ ಬೆಳಿಗ್ಗೆ ಸಕ್ಕರೆ ಏರಿರುವ ಸೋಜಿಗಕ್ಕೆ ಇದೇ ಕಾರಣ.

ಇಲ್ಲಿ ಪ್ರಕೃತಿ ನಮಗೊಂದು ಹಿತ್ತಲ ಬಾಗಿಲನ್ನು ಇಟ್ಟಿದೆ. ಮಾಂಸಖಂಡವು ದುಡಿಯುವಾಗ ಇನ್ಸುಲಿನ್ನಿನ ಕೂಗಿಗಾಗಿ ಕಾಯುವುದಿಲ್ಲ. ಸಕ್ಕರೆಯನ್ನು ಒಳಕ್ಕೆ ಸಾಗಿಸುವ ವಾಹಕಗಳು ಜೀವಕೋಶದ ಹೊರಪೊರೆಗೆ ತಾವಾಗಿಯೇ ಬಂದು ನಿಲ್ಲುತ್ತವೆ. ಕಣಜ ಖಾಲಿಯಾಗುತ್ತ ಹೋದಂತೆ ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಆ ಮಾಂಸಖಂಡಕ್ಕೆ ಇನ್ಸುಲಿನ್ನಿನ ಮಾತು ಹೆಚ್ಚು ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ಮತ್ತೆ ಮೊದಲಿನ ಕಿವುಡು. ಆದುದರಿಂದಲೇ ವೈದ್ಯರು ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿರೆನ್ನುತ್ತಾರೆ. ಭಾನುವಾರ ಮೂರು ಗಂಟೆ ನಡೆದು ಆರು ದಿನ ಅದರ ಕಥೆಯನ್ನು ಹೇಳಿಕೊಂಡಿರುವ ನಮ್ಮ ಕಚೇರಿಯ ಮಿತ್ರರೊಬ್ಬರಿಗೆ ಈ ವಿಷಯವನ್ನು ಎಷ್ಟು ಸಲ ತಿಳಿಸಿದರೂ ರುಚಿಸಿಲ್ಲ.

ಇದು ಬರಿಯ ತರ್ಕವಲ್ಲ, ಜನರ ಮೇಲೆ ಪ್ರಯೋಗಿಸಿ ನೋಡಿದ ಮಾತು. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಹೊಸ್ತಿಲಿನ 577 ಮಂದಿಯನ್ನು ಆರಿಸಿ, ಕೆಲವರಿಗೆ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ವಿಧಿಸಿದರು. ಉಳಿದವರನ್ನು ಅವರ ಪಾಡಿಗೆ ಬಿಟ್ಟರು. ಆರು ವರ್ಷಗಳ ಕೊನೆಗೆ, ಪಾಡಿಗೆ ಬಿಟ್ಟವರಲ್ಲಿ ಶೇಕಡ 67.7 ಮಂದಿಗೆ ಮಧುಮೇಹ ಬಂದಿತ್ತು. ವ್ಯಾಯಾಮದ ಗುಂಪಿನಲ್ಲಿ ಶೇಕಡ 41.1. ಆ ಜನರನ್ನು ಮೂವತ್ತು ವರ್ಷ ಬಿಡದೆ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಶಿಸ್ತಿಗೆ ಒಳಪಟ್ಟವರಿಗೆ ಮಧುಮೇಹ ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿ ಬಂದಿತು. ಹೃದಯರೋಗವೂ ಕಡಮೆಯಾಗಿ, ಆಯುಷ್ಯವೂ ಒಂದು ವರ್ಷಕ್ಕಿಂತ ಹೆಚ್ಚು ಬೆಳೆದಿತ್ತು. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಹೊರಬಂದ ಅಧ್ಯಯನ ಇನ್ನೂ ಪ್ರಸಿದ್ಧವಾದದ್ದು. ಅಲ್ಲಿ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದು, ಮಿತವಾಗಿ ಉಂಡು, ಮೈತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸಬೇಕೆಂದು ನಿಯಮ. ಅದನ್ನು ಅನುಸರಿಸಿದ ಗುಂಪಿನಲ್ಲಿ ಮಧುಮೇಹ ಶೇಕಡ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇಕಡ 31ರಷ್ಟು. ಅರವತ್ತು ದಾಟಿದವರಲ್ಲಂತೂ ನಡಿಗೆ-ಪಥ್ಯಗಳ ಫಲ ಶೇಕಡ 71. ‘ಈ ವಯಸ್ಸಿನಲ್ಲಿ ನಡೆದು ಏನಾಗಬೇಕು?’ ಎನ್ನುವ ಹಿರಿಯರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಚೀನಾ, ಅಮೆರಿಕಗಳ ಮಾತು ನಮಗೇಕೆ ಎನ್ನುವವರಿಗೆ ಚೆನ್ನೈ ಇದೆ. ಅಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ 531 ಮಂದಿಯನ್ನು ಮೂರು ವರ್ಷ ನೋಡಿಕೊಂಡು 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯುವುದು, ಸಕ್ಕರೆ ಎಣ್ಣೆಗಳನ್ನು ತಗ್ಗಿಸುವುದು, ಇಷ್ಟೇ ಉಪದೇಶ. ಮಧುಮೇಹದ ಸಂಭವ ಶೇಕಡ 28.5ರಷ್ಟು ಇಳಿಯಿತು. ಇದು ಅಮೆರಿಕದ ಅಂಕಿಗಿಂತ ಕಡಮೆಯೇ. ನಮ್ಮವರ ಮೈಗೆ ಈ ರೋಗದ ಒಲವು ಹೆಚ್ಚು, ಅದು ನಮ್ಮನ್ನು ಹಿಡಿಯುವ ವೇಗವೂ ಹೆಚ್ಚು. ಆದರೆ ಈ ಪ್ರಯೋಗದಲ್ಲಿ ನನ್ನನ್ನು ಬಹಳವಾಗಿ ಸೆಳೆದ ಅಂಶ ಬೇರೆ. ಆ ಜನರ ಮೈತೂಕದಲ್ಲಿ ಹೇಳಿಕೊಳ್ಳುವಂಥ ಇಳಿತವೇನೂ ಆಗಿರಲಿಲ್ಲ, ಆದರೂ ಫಲ ಸಿಕ್ಕಿತು. ತಿಂಗಳುಗಟ್ಟಲೆ ನಡೆದು, ತೂಕದ ಯಂತ್ರದ ಮೇಲೆ ನಿಂತು ನಿರಾಶರಾಗಿ ನಡಿಗೆಯನ್ನೇ ಬಿಟ್ಟುಬಿಡುವವರು ನನಗೆ ಗೊತ್ತು. ಮುಳ್ಳು ಅಲುಗಾಡದಿದ್ದರೂ ಒಳಗೆ ಕಣಜದ ಬಾಗಿಲು ತೆರೆಯುತ್ತಿರುತ್ತದೆ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ಮರವೇ ಏಕೆ?

ನಡೆಯುವುದೇ ಮುಖ್ಯವಾದರೆ ಮನೆಯ ತಾರಸಿಯಲ್ಲಿ ನಡೆದರಾಗದೇ? ಇದೇ ಪ್ರಶ್ನೆಯನ್ನು ಹಾಕಿಕೊಂಡು ನಾನೂ ಆರಂಭದಲ್ಲಿ ತಾರಸಿಯನ್ನೇ ಹತ್ತಿದೆ. ನೀರಿನ ತೊಟ್ಟಿಯಿಂದ ಬಟ್ಟೆ ಒಣಗಿಸುವ ತಂತಿಯವರೆಗೆ, ಅಲ್ಲಿಂದ ಮರಳಿ ತೊಟ್ಟಿಗೆ. ಬೆರಳಿನಲ್ಲಿ ಸುತ್ತು ಎಣಿಸುತ್ತಿದ್ದೆ. ಹನ್ನೊಂದನೆಯ ದಿನ ಮಳೆಯೆಂದು ನೆಪ ಸಿಕ್ಕಿತು. ಹನ್ನೆರಡನೆಯ ದಿನ ನೆಪವೂ ಬೇಕಾಗಲಿಲ್ಲ.

ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ರೋಗಿಗೆ ಹೇಳಿರುವ ವಿಧಿ ಸ್ವಾರಸ್ಯವಾಗಿದೆ. ಹಣವೂ ಬಂಧುಗಳೂ ಇಲ್ಲದವನು ಕಾಲಿಗೆ ಮೆಟ್ಟಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ಅಥವಾ ಇನ್ನೂ ಹೆಚ್ಚು ದೂರ ನಡೆಯಬೇಕು. ಧನವಂತನು ಶ್ಯಾಮಾಕದಂಥ ಕಿರುಧಾನ್ಯ, ನೆಲ್ಲಿ, ಬೇಲದ ಹಣ್ಣುಗಳನ್ನು ತಿಂದುಕೊಂಡು ಕಾಡಿನಲ್ಲಿ ಮೃಗಗಳೊಡನೆ ಬಾಳಬೇಕು. ಇತರರು ಹೊಲ ಉಳಬೇಕು, ಇಲ್ಲವೇ ಬಾವಿ ತೋಡಬೇಕು. ಬಡವನಿಗಾಗಲಿ ಸಾಹುಕಾರನಿಗಾಗಲಿ ಕುಳಿತಿರಲು ಮಾತ್ರ ಅಪ್ಪಣೆಯಿಲ್ಲ! ಬರಿಗಾಲಿನ ಭಾಗವನ್ನು ನಾವು ಇಂದು ಪಾಲಿಸಬಾರದು. ಸಕ್ಕರೆಯಿಂದ ಸ್ಪರ್ಶ ಮಂಕಾದ ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು, ಅಣ್ಣಯ್ಯನ ಕಥೆ ಶುರುವಾದದ್ದು ಅಂಥ ಒಂದು ಗಾಯದಿಂದಲೇ. ಆದರೆ ನಡಿಗೆಯನ್ನೂ ಕಾಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ವೈದ್ಯನ ದೃಷ್ಟಿಗೆ ತಲೆದೂಗಬೇಕಾಗುತ್ತದೆ.

ಜಪಾನಿನವರು ಈ ಕಾಡಿನ ಮಾತನ್ನು ನಮ್ಮ ಕಾಲದಲ್ಲಿ ಮತ್ತೆ ಎತ್ತಿದರು. ಅಲ್ಲಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್ ಯೊಕು’ ಎಂಬ ಪದವನ್ನು ಬಳಕೆಗೆ ತಂದಿತು. ಕಾಡಿನಲ್ಲಿ ಮೀಯುವುದು ಎಂದು ಅದರ ಅರ್ಥ. ನೀರಿನಲ್ಲಲ್ಲ, ಮರಗಳ ನೆರಳು, ಗಾಳಿ, ಸದ್ದುಗಳಲ್ಲಿ. ಹೊಕ್ಕೈಡೋ ದ್ವೀಪದಲ್ಲಿ 87 ಮಂದಿ ಮಧುಮೇಹಿಗಳನ್ನು ಆರು ವರ್ಷಗಳ ಅವಧಿಯಲ್ಲಿ ಒಂಬತ್ತು ಸಲ ಕಾಡಿನ ದಾರಿಯಲ್ಲಿ ಮೂರು ಅಥವಾ ಆರು ಕಿಲೋಮೀಟರು ನಡೆಸಿ ನೋಡಿದರು. ನಡಿಗೆಗೆ ಮುಂಚೆ ಸರಾಸರಿ 179 ಇದ್ದ ಸಕ್ಕರೆ ನಡಿಗೆಯ ನಂತರ 108ಕ್ಕೆ ಇಳಿದಿತ್ತು ಎಂದು 1998ರ ವರದಿ. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಕಾಡಿನ ಪಾಲೆಷ್ಟು, ಕಾಲಿನ ಪಾಲೆಷ್ಟು? ಅದೇ ಜನ ಅಷ್ಟೇ ದೂರ ಪೇಟೆಬೀದಿಯಲ್ಲಿ ನಡೆದಿದ್ದರೆ ಎಷ್ಟು ಇಳಿಯುತ್ತಿತ್ತು ಎಂಬ ಹೋಲಿಕೆಯಿಲ್ಲದೆ ಕಾಡಿಗೇ ಎಲ್ಲ ಕೀರ್ತಿಯನ್ನೂ ಕಟ್ಟುವುದು ನ್ಯಾಯವಲ್ಲ. ಇನ್ನೊಂದು ಪರೀಕ್ಷೆಯಲ್ಲಿ ಆ ಹೋಲಿಕೆಯಿದೆ, ಅದು ಸಕ್ಕರೆಯನ್ನು ಕುರಿತದ್ದಲ್ಲ. ಜಪಾನಿನ 24 ಕಾಡುಗಳಲ್ಲಿ ಯುವಕರನ್ನು ಒಂದು ದಿನ ಮರಗಳ ನಡುವೆ, ಇನ್ನೊಂದು ದಿನ ನಗರದ ನಡುವೆ ನಡೆಸಿ ಅಳೆದಾಗ, ಮರಗಳ ನಡುವೆ ಅವರ ನಾಡಿ, ರಕ್ತದೊತ್ತಡ ಮತ್ತು ಕಾರ್ಟಿಸಾಲ್ ಎಂಬ ಸ್ರಾವ ಕಡಮೆಯಿದ್ದವು. ಈ ಕಾರ್ಟಿಸಾಲ್ ಆತಂಕದ ಕಾಲದಲ್ಲಿ ಏರುವಂಥದು. ಏರಿದಾಗ ರಕ್ತಕ್ಕೆ ಸಕ್ಕರೆ ಸುರಿಯೆಂದು ಯಕೃತ್ತಿಗೆ ಹೇಳುವಂಥದು. ಮನಸ್ಸಿನ ಶಾಂತಿಗೂ ಸಕ್ಕರೆಗೂ ನಂಟು ಇರುವುದು ಇಲ್ಲಿ.

ಆದರೆ ಮರದ ದೊಡ್ಡ ಉಪಕಾರ ಇದೂ ಅಲ್ಲವೆಂದು ನನಗೆ ತೋರುತ್ತದೆ. ಮರವು ನಮ್ಮನ್ನು ನಾಳೆ ಮತ್ತೆ ಕರೆಯುತ್ತದೆ. ತಾರಸಿಯ ತೊಟ್ಟಿ ದಿನವೂ ಅದೇ ತೊಟ್ಟಿ. ಲಾಲ್‌ಬಾಗು ಹಾಗಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ, ಈಗ 240 ಎಕರೆಗೆ ಹಬ್ಬಿರುವ ಆ ತೋಟದಲ್ಲಿ ಒಂದು ವಾರ ಕಂಡದ್ದು ಇನ್ನೊಂದು ವಾರ ಕಾಣದು. ಮಳೆಮರದ ಎಲೆಗಳು ರಾತ್ರಿಯೆಲ್ಲ ಮಡಿಚಿಕೊಂಡಿದ್ದು ಬೆಳಕು ಹರಿದಂತೆ ಬಿಚ್ಚಿಕೊಳ್ಳುವುದನ್ನು ನಾನು ಐವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಬೂರುಗದ ಮರದ ಬುಡದಲ್ಲಿ ನಿಂತರೆ ನಮ್ಮ ಬಡ್ತಿ ಪಿಂಚಣಿಗಳ ಲೆಕ್ಕ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಕೆಂಪೇಗೌಡರ ಗೋಪುರವಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಅದನ್ನು ಹತ್ತುವಾಗ ಮೀನಖಂಡ ಮಾತಾಡುತ್ತದೆ, ಹತ್ತಿ ನಿಂತಾಗ ಗಾಳಿ ಮಾತಾಡುತ್ತದೆ. ಇಷ್ಟಾದ ಮೇಲೆ ಕೈಗಡಿಯಾರ ನೋಡುವುದು ತಾನಾಗಿ ತಪ್ಪಿತು. ನಲವತ್ತು ನಿಮಿಷ ಕಳೆದದ್ದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಬೆಂಗಳೂರಿನಲ್ಲಿಲ್ಲದವರು ಹೊಟ್ಟೆಕಿಚ್ಚುಪಡಬೇಕಾದ್ದಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯಿದೆ. ಕುವೆಂಪು ಅವರು ಅಲ್ಲಿ ನಡೆದಾಡುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ, ಹೆಜ್ಜಾರ್ಲೆಗಳನ್ನು ನೋಡುತ್ತ ಸುತ್ತು ಮುಗಿದದ್ದೇ ತಿಳಿಯದು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ಧಾರವಾಡದವರಿಗೆ ಸಾಧನಕೇರಿ, ಮಂಗಳೂರಿನವರಿಗೆ ಕದ್ರಿಯ ಉದ್ಯಾನ. ಯಾವುದೂ ಇಲ್ಲದ ಬಡಾವಣೆಯಲ್ಲಿ ಸಾಲು ಹೊಂಗೆಮರಗಳ ಒಂದು ಬೀದಿಯಾದರೂ ಇರುತ್ತದೆ, ಇಲ್ಲವೇ ಶಾಲೆಯ ಮೈದಾನ.

ಎಷ್ಟು, ಯಾವಾಗ, ಹೇಗೆ

ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ವಾರದಲ್ಲಿ ಐದು ದಿನ, ಅರ್ಧರ್ಧ ಗಂಟೆ ಎಂಬುದು ಕನಿಷ್ಠ. ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂಬ ಮಾತು ಯಾವ ವೈದ್ಯನದೂ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಹುಟ್ಟಿದ್ದು. ಅಷ್ಟಾಗಲಿಲ್ಲವೆಂದು ಕೊರಗಬೇಕಾದ್ದಿಲ್ಲ.

ಬೆಳಗಿನ ನಡಿಗೆಯಿಂದಲೇ ತೃಪ್ತರಾಗದೆ ಊಟದ ಮೇಲಿನ ನಡಿಗೆಯನ್ನೂ ಕಲಿತರೆ ಇನ್ನೂ ಮೇಲು. ಊಟವಾದ ಒಂದು ಗಂಟೆಯ ಸುಮಾರಿಗೆ ರಕ್ತದಲ್ಲಿ ಸಕ್ಕರೆಯ ಪ್ರವಾಹ ಏರಿರುತ್ತದೆ. ಆ ಹೊತ್ತಿಗೆ ಕಣಜದ ಹಿತ್ತಲ ಬಾಗಿಲನ್ನು ತೆರೆದುಕೊಡಬೇಕು. 2013ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ವೃದ್ಧರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ, ಪ್ರತಿ ಊಟದ ಮೇಲೂ ಹದಿನೈದು ನಿಮಿಷ ನಡೆದದ್ದು ರಾತ್ರಿಯೂಟದ ನಂತರದ ಸಕ್ಕರೆಯನ್ನು ತಗ್ಗಿಸಿತು. ಒಂದೇ ಸಲ ನಲವತ್ತೈದು ನಿಮಿಷ ನಡೆದದ್ದರಿಂದ ಆ ಫಲ ಅಷ್ಟಾಗಿ ಸಿಕ್ಕಲಿಲ್ಲ. ಉಂಡ ಮೇಲೆ ನೂರು ಹೆಜ್ಜೆ ಹಾಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ. ನೂರು ಸಾಲದು, ಸಾವಿರವಾಗಲಿ.

ಈ ರಾತ್ರಿಯ ನಡಿಗೆಯಿಂದಲೇ ನನ್ನಾಕೆಯೂ ಜೊತೆಗೂಡಿದ್ದು. “ಬೆಳಗಿನಿಂದ ಮನೆಯಲ್ಲೇ ಓಡಾಡುತ್ತೇನಲ್ಲ, ನನಗೆ ಬೇರೆ ನಡಿಗೆ ಏಕೆ?” ಎನ್ನುತ್ತಿದ್ದಳು. ಒಲೆಯ ಮುಂದೆ ನಿಲ್ಲುವುದು ದಣಿವು ಹೌದು, ಆದರೆ ಉಸಿರು ಏರಿಸುವ ನಡಿಗೆಯಲ್ಲ. ಅಲ್ಲದೆ ಬೆಳಗಿನ ಆರು ಗಂಟೆಗೆ ಗಂಡ ಲಾಲ್‌ಬಾಗಿನಲ್ಲಿ ಮರ ನೋಡುತ್ತಿರುವಾಗ ಡಬ್ಬಿಗೆ ತಿಂಡಿ ಕಟ್ಟುವವರು ಯಾರು ಎಂಬುದನ್ನು ನಾವು ಗಂಡಸರು ಕೇಳಿಕೊಳ್ಳುವುದಿಲ್ಲ. ಬಸಿರಿನಲ್ಲಿ ಸಕ್ಕರೆ ಏರಿದ್ದ ಹೆಂಗಸರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾದ ಮೇಲೆ ಸರಿಹೋಯಿತೆಂದು ಮರೆತುಬಿಡುವುದೇ ಹೆಚ್ಚು. ಅಂಥವರಿರುವ ಮನೆಯಲ್ಲಿ ಬೆಳಗಿನ ಒಂದು ಗಂಟೆಯನ್ನು ಅವರಿಗೂ ಹಂಚಬೇಕು. ನಮ್ಮ ಮನೆಯಲ್ಲಿ ಈಗ ವಾರಕ್ಕೆ ಮೂರು ದಿನ ತಿಂಡಿ ನನ್ನದು. ಉಪ್ಪಿಟ್ಟು ಗಂಟಾಗುತ್ತದೆ, ಯಾರೂ ದೂರು ಹೇಳುವಂತಿಲ್ಲ.

ಉದ್ಯಾನದ ಬಾಗಿಲ ಹೊರಗೆ ಎರಡು ಅಪಾಯಗಳು ಕಾದಿರುತ್ತವೆ. ಒಂದು, ಹೋಟೆಲಿನ ದೋಸೆ. ಅರ್ಧ ಗಂಟೆ ನಡೆದು ಕಳೆದದ್ದನ್ನು ಒಂದು ಮಸಾಲೆದೋಸೆ ಬಡ್ಡಿ ಸಮೇತ ಹಿಂದಿರುಗಿಸುತ್ತದೆ. ಇನ್ನೊಂದು, ಹಾಗಲಕಾಯಿಯ ರಸದ ಗಾಡಿ. ಕಹಿ ಕುಡಿದದ್ದರಿಂದ ಸಿಹಿ ಹೋಯಿತೆಂಬ ಸಮಾಧಾನದಲ್ಲಿ ಮಾರನೆಯ ದಿನ ನಡಿಗೆ ತಪ್ಪಿಸುವವರನ್ನು ಕಂಡಿದ್ದೇನೆ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಬೇಕು, ವೈದ್ಯರನ್ನು ಕಾಣಬೇಕು. ಹೃದಯರೋಗವುಳ್ಳವರು, ಆಗಲೇ ಮಧುಮೇಹದ ಮಾತ್ರೆ ಇಲ್ಲವೇ ಇನ್ಸುಲಿನ್ ತೆಗೆದುಕೊಳ್ಳುವವರು ಅವರನ್ನು ಕೇಳಿಯೇ ಆರಂಭಿಸಬೇಕು. ಕಾಲಿಗೆ ಸರಿಹೊಂದುವ ಬೂಟು, ಕಾಲುಚೀಲ ಇರಲಿ. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪಬಾರದು.

ಹೋದ ತಿಂಗಳು ನನ್ನ ಪರೀಕ್ಷೆ ಮತ್ತೆ ಆಯಿತು. ಬರಿಯ ಹೊಟ್ಟೆಯಲ್ಲಿ 104, ಮೂರು ತಿಂಗಳ ಸರಾಸರಿ 5.8. ಲೆಕ್ಕದ ಪ್ರಕಾರ ಇನ್ನೂ ಹೊಸ್ತಿಲಿನವನೇ. “ಅದು ಒಂದು ಮೆಟ್ಟಿಲು ಕೆಳಗಿಳಿದು ನಿಂತಿದೆ ರಾಯರೇ, ನೀವು ನಡಿಗೆ ಬಿಟ್ಟ ದಿನ ಮೇಲೆ ಬರುತ್ತದೆ” ಎಂದರು ವೈದ್ಯರು. ಈ ಸಲ ಎರಡು ವಾಕ್ಯಗಳೂ ಕಿವಿಗೆ ಬಿದ್ದವು.

ಕಳೆದ ಭಾನುವಾರ ಅಣ್ಣಯ್ಯನೂ ಅತ್ತಿಗೆಯೂ ಲಾಲ್‌ಬಾಗಿಗೆ ಬಂದಿದ್ದರು. ವೈದ್ಯರು ಹೇಳಿದ ಮೆತ್ತನೆಯ ಬೂಟು ಹಾಕಿಕೊಂಡು, ಕೋಲೂರಿ, ಬಾಗಿಲಿನಿಂದ ಗಾಜಿನಮನೆಯವರೆಗೆ ಅವರು ಮೆಲ್ಲಗೆ ನಡೆದರು. ಅಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಮರಗಳನ್ನು ನೋಡಿದರು. ನಾನೂ ಪಕ್ಕದಲ್ಲಿ ಕೂರಲು ಹೋದೆ.

“ನಿನಗೇನೋ ಕೂರುವ ಕೆಲಸ? ಕೆರೆ ಸುತ್ತಿಕೊಂಡು ಬಾ. ನಾನು ಇಲ್ಲೇ ಇರುತ್ತೇನೆ” ಎಂದು ನನ್ನ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.